ವಲಸಿಗ ಹಿರಿಯರ ಖಿನ್ನತೆ ಮತ್ತು ಜೀವನತೃಪ್ತಿ: ಅಮೆರಿಕದ ಚೀನೀಯರು, ಕೊರಿಯನ್ನರು

1965ರ ವಲಸೆ ಕಾಯಿದೆ ಕುಟುಂಬಗಳ ಪುನರ್ಮಿಲನಕ್ಕೆ ದಾರಿ ತೆರೆದ ಬಳಿಕ ಅಮೆರಿಕಕ್ಕೆ ಬಂದ ಚೀನೀ, ಕೊರಿಯನ್ ಹಿರಿಯರಲ್ಲಿ ಹಲವರು ಮಕ್ಕಳ ಕರೆಗೆ ಓಗೊಟ್ಟು ಇಳಿವಯಸ್ಸಿನಲ್ಲಿ ನೆಲೆ ಬದಲಿಸಿದವರು. ಇಂಗ್ಲಿಷ್ ಬಾರದು, ಕಾರು ಓಡಿಸಲಾಗದು. ಮೊಮ್ಮಕ್ಕಳ ಆರೈಕೆಯಲ್ಲೇ ದಿನ ಕಳೆದು ಒಂಟಿತನ ಬೆಳೆಯುತ್ತದೆ. ಖಿನ್ನತೆ ಇವರಲ್ಲಿ ನಿದ್ರಾಹೀನತೆ, ಎದೆಬಿಗಿತ, ಮೈಕೈ ನೋವಾಗಿ ಕಾಣಿಸಿಕೊಳ್ಳುವುದುಂಟು. ಅದುಮಿಟ್ಟ ಕೋಪದಿಂದ ಬರುತ್ತದೆಂದು ಕೊರಿಯನ್ನರು ನಂಬುವ ‘ಹ್ವಾಬ್ಯುಂಗ್’ ವ್ಯಾಧಿಯನ್ನು ಅಮೆರಿಕದ ಮನೋವೈದ್ಯರ ಸಂಘದ 1994ರ ಕೈಪಿಡಿ ಸಂಸ್ಕೃತಿಬದ್ಧ ಲಕ್ಷಣಕೂಟವೆಂದು ದಾಖಲಿಸಿತು. ನೋವಿಗಷ್ಟೇ ಮಾತ್ರೆ ಕೊಟ್ಟು ಕಳಿಸಿದರೆ ಮೂಲ ಕಾಯಿಲೆ ಉಳಿದೇಹೋಗುತ್ತದೆ. ಇದು ಗಂಭೀರ ಲೋಪ. ಪತ್ತೆಗೆ 15 ಪ್ರಶ್ನೆಗಳ ವೃದ್ಧರ ಖಿನ್ನತಾ ಮಾಪಕ ಚೀನೀ, ಕೊರಿಯನ್ ಭಾಷೆಗಳಲ್ಲೂ ಇದೆ. ಜೀವನತೃಪ್ತಿಗೆ ಆರೋಗ್ಯ, ಆದಾಯದ ಜೊತೆ ತಮ್ಮ ಭಾಷೆಯ ಒಡನಾಟವೂ ಬೇಕು: ಕೊರಿಯನ್ನರಿಗೆ ಚರ್ಚು, ಚೀನೀಯರಿಗೆ ಚೈನಾಟೌನ್‌ನ ಹಿರಿಯರ ಕೇಂದ್ರಗಳು ಆಸರೆಯಾಗಿವೆ.