ಬಹಮನಿ ರಾಜ್ಯದ ಸೇವಕವರ್ಗ: ಒಂದು ವಿವೇಚನೆ

ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಮಿತ್ರ ಎಂದು ರಾಜ್ಯಕ್ಕೆ ಏಳು ಅಂಗಗಳನ್ನು ನಮ್ಮ ಪ್ರಾಚೀನ ಅರ್ಥಶಾಸ್ತ್ರಕಾರರು ಹೇಳಿದ್ದಾರೆ. ಇವುಗಳಲ್ಲಿ ದುರ್ಗವನ್ನು ಕಲ್ಲಿನಿಂದ ಕಟ್ಟಬಹುದು, ಕೋಶವನ್ನು ಕಂದಾಯದಿಂದ ತುಂಬಬಹುದು. ಅಮಾತ್ಯ ಮತ್ತು ದಂಡ ಎಂಬ ಅಂಗಗಳು ಮಾತ್ರ ಬಲ್ಲ ಮನುಷ್ಯರಿಂದ ಆಗತಕ್ಕವು. ಅಂಥವರನ್ನು ಅರಸಿ ತರಬೇಕು, ತಂದವರಿಗೆ ತಕ್ಕ ಸ್ಥಾನಮಾನಗಳನ್ನು ಕೊಡಬೇಕು, ಮೊದಲಿನಿಂದ ಇದ್ದವರೊಡನೆ ಅವರು ಬಾಳುವಂತೆ ನೋಡಿಕೊಳ್ಳಬೇಕು. ನಮ್ಮ ಅರಸುಮನೆತನಗಳ ಚರಿತ್ರೆಯನ್ನು ವಂಶಾವಳಿಗಳ ಮತ್ತು ಯುದ್ಧಗಳ ಚರಿತ್ರೆಯಾಗಿ ಬರೆಯುವ ರೂಢಿಯಿಂದಾಗಿ ಈ ಸೇವಕರು ಎಲ್ಲಿಂದ ಬಂದರು, ಅವರಿಗೆ ಸಂಬಳವೇನು, ಅವರು ಏಕೆ ಉಳಿದರು ಅಥವಾ ಏಕೆ ಹೋದರು ಎಂಬ ಪ್ರಶ್ನೆಗಳು ಹಿಂದೆ ಬಿದ್ದಿವೆ. ಕನ್ನಡ ನೆಲದಲ್ಲಿಯೇ, ಮೊದಲು ಕಲಬುರಗಿಯನ್ನೂ ಅನಂತರ ಬೀದರವನ್ನೂ ರಾಜಧಾನಿಯನ್ನಾಗಿ ಮಾಡಿಕೊಂಡು ಆಳಿದ ಬಹಮನಿ ಸುಲ್ತಾನರ ವಿಷಯದಲ್ಲಿ ಈ ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಪ್ರಸ್ತುತ ಲೇಖನದ ಉದ್ದೇಶ.

ಆಧಾರಗಳ ಬಗೆಗೆ ಒಂದು ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಈ ಕಾಲದ ಸಂಗತಿಗಳನ್ನು ವಿಸ್ತಾರವಾಗಿ ತಿಳಿಸುವವನು ಫಿರಿಷ್ತಾ. ಅವನು ಬರೆದದ್ದು 17ನೆಯ ಶತಮಾನದ ಆರಂಭದಲ್ಲಿ, ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲಶಾಹನ ಆಶ್ರಯದಲ್ಲಿ. ಅವನೂ ಇರಾನಿನ ಅಸ್ತರಾಬಾದಿನಲ್ಲಿ ಹುಟ್ಟಿ ದಖನ್ನಿಗೆ ಬಂದ ಪರದೇಶಿಯೇ. ಪರದೇಶಿಗಳ ಮತ್ತು ದೇಶೀಯರ ಜಗಳವನ್ನು ಅವನು ವರ್ಣಿಸುವಾಗ ಲೇಖನಿ ಯಾವ ಕಡೆಗೆ ಒಲೆಯುತ್ತದೆಂಬುದನ್ನು ಓದುಗರು ಮರೆಯಬಾರದು.

1347ರಲ್ಲಿ ಅಲಾಉದ್ದೀನ್ ಹಸನನು ದಿಲ್ಲಿಯ ಅಧೀನತೆಯನ್ನು ಕಿತ್ತೊಗೆದು ಸ್ವತಂತ್ರ ರಾಜ್ಯವನ್ನು ಸ್ಥಾಪಿಸಿದನು. ಇಪ್ಪತ್ತು ವರ್ಷಗಳ ಹಿಂದೆ ಮಹಮ್ಮದ ಬಿನ್ ತುಘಲಕನು ದೇವಗಿರಿಯನ್ನು ದೌಲತಾಬಾದೆಂದು ಕರೆದು ಅಲ್ಲಿಗೆ ದಿಲ್ಲಿಯ ಪ್ರಮುಖರನ್ನು ಸಾಗಿಸಿದ್ದ ಕಾರಣ ಹೊಸ ರಾಜ್ಯಕ್ಕೆ ಆರಂಭದಲ್ಲಿ ದಳಪತಿಗಳ, ಲೆಕ್ಕಿಗರ, ಖಾಜಿಗಳ ಕೊರತೆಯಾಗಲಿಲ್ಲ. ಆದರೆ ದಿಲ್ಲಿಯೊಡನೆ ಸಂಬಂಧ ಕಡಿದಮೇಲೆ ಉತ್ತರದ ಆ ದಾರಿ ಮುಚ್ಚಿದಂತಾಯಿತು. ಆಗ ಸುಲ್ತಾನರ ದೃಷ್ಟಿ ಸಹಜವಾಗಿಯೇ ಪಶ್ಚಿಮದ ಸಮುದ್ರದ ಕಡೆಗೆ ಹೊರಳಿತು. ದಾಭೋಳ, ಚೌಲ, ಗೋವೆಗಳ ಬಂದರುಗಳಿಗೆ ಹುರ್ಮುಜಿನಿಂದ ಕುದುರೆಗಳು ಬರುತ್ತಿದ್ದುವು. ಕುದುರೆಗಳೊಡನೆ ವ್ಯಾಪಾರಿಗಳೂ, ಅವರೊಡನೆ ಕವಿಗಳೂ, ವೈದ್ಯರೂ, ಬಿಲ್ಲುಗಾರರೂ ಬರತೊಡಗಿದರು.

ಸಾಹಿತ್ಯಾಭ್ಯಾಸಿಗಳಿಗೆ ಪ್ರಿಯವಾಗಬಹುದಾದ ಒಂದು ಪ್ರಸಂಗವನ್ನು ಇಲ್ಲಿ ಹೇಳಬಹುದು. ಎರಡನೆಯ ಮಹಮ್ಮದ ಶಾಹನ (1378-97) ಆಸ್ಥಾನದಲ್ಲಿದ್ದ ಮೀರ್ ಫಜ್ಲುಲ್ಲಾ ಇಂಜೂ ಎಂಬ ವಿದ್ವಾಂಸನು ಶೀರಾಜಿನ ಮಹಾಕವಿ ಹಾಫಿಜನಿಗೆ ದಾರಿಯ ವೆಚ್ಚವನ್ನೂ ಕಳುಹಿಸಿ ದಖನ್ನಿಗೆ ಆಹ್ವಾನಿಸಿದನು. ಕವಿ ಹೊರಟದ್ದೂ ಉಂಟು. ಬಂದ ಹಣದಲ್ಲಿ ಒಂದಂಶವನ್ನು ಬಂಧುಗಳಿಗೆ ಹಂಚಿ, ಉಳಿದುದನ್ನು ದಾರಿಯಲ್ಲಿ ಕಳ್ಳರಿಂದ ಸುಲಿಗೆಗೊಳಗಾದ ಗೆಳೆಯನಿಗೆ ಕೊಟ್ಟು, ಬೇರೆ ವರ್ತಕರ ನೆರವಿನಿಂದ ಹುರ್ಮುಜಿಗೆ ಬಂದು ಹಡಗನ್ನೂ ಏರಿದನು. ಹಡಗು ಹೊರಡುವ ಮೊದಲೇ ಬಿರುಗಾಳಿ ಎದ್ದಿತು. ಹಾಫಿಜನು ಒಂದು ನೆಪ ಹೇಳಿ ದಡಕ್ಕೆ ಇಳಿದು, ತನ್ನ ಬದಲಿಗೆ ಒಂದು ಕವಿತೆಯನ್ನು ಕಳುಹಿಸಿ, ಶೀರಾಜಿಗೆ ಮರಳಿದನಂತೆ. ಕವಿತೆ ಬಂದುದನ್ನೇ ಲಾಭವೆಂದು ಕಲಬುರಗಿಯವರು ಭಾವಿಸಿದರೆಂದು ತೋರುತ್ತದೆ. ಕವಿಗೆ ಮತ್ತೆ ಬಹುಮಾನವನ್ನೇ ಕಳುಹಿಸಿದರು.

ಫಿರೋಜ ಶಾಹನ ಕಾಲಕ್ಕೆ (1397-1422) ಇದು ರಾಜ್ಯದ ಒಂದು ನಿಯತ ಕಾರ್ಯವೇ ಆಯಿತು. ಪ್ರತಿವರ್ಷವೂ ಅವನು ಗೋವೆ ಮತ್ತು ಚೌಲಗಳಿಂದ ಹಡಗುಗಳನ್ನು ಕಳುಹಿಸುತ್ತಿದ್ದನು. ದೇಶದೇಶಗಳ ಅಪೂರ್ವ ವಸ್ತುಗಳನ್ನು ತರುವುದರ ಜೊತೆಗೆ ಗುಣವಂತರಾದ ಮನುಷ್ಯರನ್ನು ಕರೆತರುವುದೂ ಆ ಹಡಗುಗಳ ಕೆಲಸವಾಗಿತ್ತು. ದೌಲತಾಬಾದಿನ ಹತ್ತಿರ 1407ರಲ್ಲಿ ಒಂದು ವೇಧಶಾಲೆಯನ್ನು ಕಟ್ಟಲು ಅವನು ಆರಂಭಿಸಿದನು. ಅದರ ಹೊಣೆ ಹೊತ್ತ ಹಕೀಮ ಹಸನ ಗೀಲಾನಿ ತೀರಿಕೊಂಡದ್ದರಿಂದ ಕೆಲಸ ಅಷ್ಟಕ್ಕೇ ನಿಂತಿತು. ಕರೆತಂದ ಒಬ್ಬನಿಗೆ ಬದಲಾಗಿ ಆ ವಿದ್ಯೆಯನ್ನು ಮುಂದುವರಿಸಬಲ್ಲ ಇನ್ನೊಬ್ಬನು ಇಲ್ಲಿ ತಯಾರಾಗಿರಲಿಲ್ಲ. ಬಹಮನಿಗಳ ಸೇವಕ ನೀತಿಯಲ್ಲಿದ್ದ ಊನವನ್ನು ಈ ಚಿಕ್ಕ ಘಟನೆ ಆಗಲೇ ತೋರಿಸಿಕೊಟ್ಟಿತೆಂದು ನನ್ನ ಅಭಿಪ್ರಾಯ.

ಫಿರೋಜನ ತಮ್ಮ ಅಹಮದ ಶಾಹನು 1422ರಲ್ಲಿ ಪಟ್ಟವನ್ನೇರಲು ಸಹಾಯ ಮಾಡಿದವನು ಬಸ್ರಾದ ವರ್ತಕ ಖಲಫ ಹಸನ. ಸುಲ್ತಾನನು ಆ ಉಪಕಾರವನ್ನು ಮರೆಯದೆ ಅವನಿಗೆ ಮಲಿಕ್-ಉತ್-ತುಜ್ಜಾರ್, ಅಂದರೆ ವರ್ತಕರ ಒಡೆಯ, ಎಂಬ ಬಿರುದನ್ನೂ ಅಧಿಕಾರವನ್ನೂ ಕೊಟ್ಟನು. ರಾಜಧಾನಿ ಬೀದರಕ್ಕೆ ಬಂದಿತು. ಇರಾನಿನ ಕಿರ್ಮಾನಿನಿಂದ ಶಾಹ ನಿಯಾಮತುಲ್ಲನ ವಂಶದ ಸೂಫಿಗಳು ಬಂದು ನೆಲೆಸಿದರು. ಈ ಅಹಮದ ಶಾಹನ ಗೋರಿ ಬೀದರದ ಹತ್ತಿರದ ಅಷ್ಟೂರಿನಲ್ಲಿದೆ. ಅವನನ್ನು ಅಲ್ಲಮಪ್ರಭುವೆಂದೇ ಭಾವಿಸುವ ಪರಂಪರೆ ಆ ಭಾಗದ ಲಿಂಗವಂತರಲ್ಲಿದ್ದು, ಅಲ್ಲಿಯ ಉರುಸಿನಲ್ಲಿ ಜಂಗಮರು ಮೆರವಣಿಗೆಯಿಂದ ಬಂದು ಮುಖ್ಯ ವಿಧಿಯನ್ನು ನಡೆಸುವುದನ್ನು ನಮ್ಮ ಓದುಗರಲ್ಲಿ ಅನೇಕರು ಕಂಡಿರಬಹುದು. ಜನತೆಯ ಮಟ್ಟದಲ್ಲಿ ಹೀಗೆ ಬೆಸುಗೆಯಾಗುತ್ತಿದ್ದ ಕಾಲದಲ್ಲಿಯೇ ಅರಮನೆಯ ಸೇವಕರಲ್ಲಿ ಬಿರುಕು ಬೆಳೆಯುತ್ತಿತ್ತೆಂಬುದು ಚಿಂತನೀಯ.

ಆ ಬಿರುಕಿನ ಒಂದು ಕಡೆಯವರು ದಖನಿಗಳು: ಹಿಂದೆಯೇ ಉತ್ತರದಿಂದ ಬಂದು ಇಲ್ಲಿಯವರೇ ಆದವರು, ಮತಾಂತರಗೊಂಡ ದೇಶೀಯರು, ಮತ್ತು ಅವರೊಡನೆ ಸೇರಿದ ಹಬಸಿಗಳು. ಇನ್ನೊಂದು ಕಡೆಯವರು ಆಫಾಕಿಗಳು, ಅಥವಾ ಪರದೇಶಿಗಳು: ಇರಾನ, ಇರಾಕ, ತುರ್ಕಸ್ತಾನಗಳಿಂದ ಹೊಸದಾಗಿ ಬಂದವರು. ಭಾಷೆ, ವೇಷ, ಮತಪಂಥಗಳ ಭೇದಗಳೂ ಇದ್ದುವು. ಆದರೆ ಜಗಳದ ಬೇರು ಇವುಗಳಿಗಿಂತ ಹೆಚ್ಚಾಗಿ ಹುದ್ದೆಗಳಲ್ಲಿತ್ತು. ಮೂರು ತಲೆಮಾರು ಸೇವೆ ಮಾಡಿದವನ ಮಗನು ಬಾಗಿಲಲ್ಲಿ ನಿಂತಿರುವಾಗ ನಿನ್ನೆ ಹಡಗಿನಿಂದ ಇಳಿದವನಿಗೆ ಸಾವಿರ ಕುದುರೆಗಳ ದಳವಾಯಿತನ ದೊರೆತರೆ ಮನಸ್ಸು ಕಹಿಯಾಗದಿದ್ದೀತೆ? ದಖನಿಗಳ ಈ ನೋವನ್ನು ಫಿರಿಷ್ತಾ ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಆ ಕಹಿಯ ಫಲ 1446-47ರ ಸುಮಾರಿಗೆ ಚಾಕಣದಲ್ಲಿ ಕಂಡಿತು. ಕೊಂಕಣದ ಕಾಡುಗಳಲ್ಲಿ ಖಲಫ ಹಸನನೂ ಅವನ ಸೈನ್ಯದ ಬಹುಭಾಗವೂ ಶತ್ರುಗಳ ಹೊಂಚಿಗೆ ಬಲಿಯಾದುವು. ಬದುಕಿ ಉಳಿದ ಪರದೇಶಿಗಳು ಚಾಕಣದ ಕೋಟೆಯನ್ನು ಸೇರಿದರು. ಅವರು ದಂಗೆಯೇಳಲಿದ್ದಾರೆಂದು ದಖನಿ ಸರದಾರರು ಬೀದರಕ್ಕೆ ಸುಳ್ಳು ವರದಿಯನ್ನು ಕಳುಹಿಸಿ, ಸುಲ್ತಾನನ ಅಪ್ಪಣೆಯನ್ನು ಪಡೆದು, ಅಭಯಕೊಟ್ಟು ಔತಣಕ್ಕೆ ಕರೆದು ಅವರನ್ನು ಕೊಂದರು. ನಿಜಸಂಗತಿ ತಿಳಿದ ಮೇಲೆ ಸುಲ್ತಾನನು ದಖನಿಗಳನ್ನು ಶಿಕ್ಷಿಸಿದನು. ಒಂದು ಪಕ್ಷದ ಮಾತನ್ನು ಕೇಳಿ ಇನ್ನೊಂದನ್ನು ದಂಡಿಸುವುದು, ಬಳಿಕ ಪಶ್ಚಾತ್ತಾಪಪಟ್ಟು ಮೊದಲನೆಯದನ್ನು ದಂಡಿಸುವುದು: ಈ ಅರಮನೆಯಲ್ಲಿ ಇದು ಮುಂದೆಯೂ ನಡೆಯಿತು.

ಇದೇ ಕಾಲದಲ್ಲಿ ತುಂಗಭದ್ರೆಯ ಆಚೆಯ ದಡದಲ್ಲಿ ಇದೇ ಸಮಸ್ಯೆಯನ್ನು ಇನ್ನೊಬ್ಬ ಅರಸನು ಎದುರಿಸುತ್ತಿದ್ದನು. ನೂರೊಂದು ವಿರಕ್ತರ ಆಶ್ರಯದಾತನಾಗಿ, ಲಕ್ಕಣ್ಣ ದಂಡೇಶನ, ಚಾಮರಸನ ಕಾಲದ ಪ್ರಭುವಾಗಿ ಪ್ರೌಢದೇವರಾಯನನ್ನು ನಾವು ಬಲ್ಲೆವು. ಅವನ ಇನ್ನೊಂದು ಮುಖವನ್ನು ಫಿರಿಷ್ತಾ ತೋರಿಸುತ್ತಾನೆ. ಬಹಮನಿಗಳೊಡನೆ ಯುದ್ಧಗಳಲ್ಲಿ ತನ್ನ ದೊಡ್ಡ ಸೈನ್ಯ ಸೋಲುತ್ತಿರುವುದೇಕೆಂದು ಅವನು ಸಭೆ ಸೇರಿಸಿ ಕೇಳಿದನು. ಶತ್ರುಗಳ ಕುದುರೆಗಳು ಉತ್ತಮವಾದುವು, ಅವರ ಬಿಲ್ಲುಗಾರರು ನಿಪುಣರು ಎಂಬ ಉತ್ತರ ಬಂದಿತು. ಆಗ ಅರಸನು ಮುಸಲ್ಮಾನ ಯೋಧರನ್ನು ಸೇವೆಗೆ ಸೇರಿಸಿಕೊಳ್ಳಲು ಆಜ್ಞಾಪಿಸಿ, ಜಾಗೀರುಗಳನ್ನು ಕೊಟ್ಟು, ರಾಜಧಾನಿಯಲ್ಲಿ ಮಸೀದಿಯನ್ನು ಕಟ್ಟಿಸಿ, ಅವರ ಮತಾಚಾರಕ್ಕೆ ಯಾರೂ ಅಡ್ಡಿಮಾಡಬಾರದೆಂದು ವಿಧಿಸಿದನು. ಸಿಂಹಾಸನದ ಮುಂದೆ ಒಂದು ಪೀಠದ ಮೇಲೆ ಕುರಾನನ್ನು ಇರಿಸಲಾಯಿತು. ಅವರು ಬಾಗಿದಾಗ ಅರಸನಿಗೆ ವಂದನೆಯೂ ಸಂದಿತು, ಅವರ ಧರ್ಮಕ್ಕೆ ಭಂಗವೂ ಬರಲಿಲ್ಲ. ಹಂಪೆಯಲ್ಲಿ ಅಹಮದಖಾನನೆಂಬ ಅಧಿಕಾರಿ ಅರಸನಿಗೆ ಪುಣ್ಯವಾಗಲೆಂದು 1439ರಲ್ಲಿ ಕಟ್ಟಿಸಿದ ಕಟ್ಟಡ ಇಂದಿಗೂ ಇದೆ; ಅದರ ಶಾಸನ ಕನ್ನಡದ್ದು, ಅದರಲ್ಲಿ ಅದಕ್ಕೆ ಇಟ್ಟ ಹೆಸರು ಧರ್ಮಸಾಲೆ. ಸೇವೆಯಲ್ಲಿ ಹತ್ತು ಸಾವಿರ ತುರುಷ್ಕ ಕುದುರೆಸವಾರರಿದ್ದರೆಂದು 1430ರ ಶಾಸನವೊಂದು ಹೇಳುವುದರಿಂದ ಈ ಕ್ರಮ ಫಿರಿಷ್ತಾ ಸೂಚಿಸುವ ಕಾಲಕ್ಕಿಂತ ಮುಂಚೆಯೇ ಆರಂಭವಾಗಿದ್ದಿರಬೇಕು.

ಇಲ್ಲಿ ಗಮನಿಸತಕ್ಕ ಸಂಗತಿ ಇನ್ನೊಂದಿದೆ. ಬಂದವರಿಂದ ತನ್ನ ಸ್ವಂತ ಸೈನಿಕರು ಬಿಲ್ವಿದ್ಯೆಯನ್ನು ಕಲಿಯಬೇಕೆಂದು ದೇವರಾಯನು ಆಜ್ಞೆಮಾಡಿದನು. ಕೊನೆಗೆ ಅವನ ಬಳಿ ಎರಡು ಸಾವಿರ ಮುಸಲ್ಮಾನ ಬಿಲ್ಲುಗಾರರೂ ಅರುವತ್ತು ಸಾವಿರ ಹಿಂದೂ ಬಿಲ್ಲುಗಾರರೂ ಇದ್ದರೆಂದು ಫಿರಿಷ್ತಾ ಲೆಕ್ಕ ಕೊಡುತ್ತಾನೆ. ಅಂಕಿಗಳನ್ನು ನಂಬಲೇಬೇಕೆಂದಿಲ್ಲ, ಅವುಗಳ ಪ್ರಮಾಣ ಅರ್ಥಪೂರ್ಣವಾಗಿದೆ. ತಂದ ವಿದ್ಯೆ ತಂದವರಲ್ಲಿಯೇ ಉಳಿಯದೆ ಇಡೀ ಸೈನ್ಯಕ್ಕೆ ಹರಡಿತು. ಅದರಿಂದ ಹೊಸಬನು ಹಳಬನಿಗೆ ಗುರುವಾದನು, ಪ್ರತಿಸ್ಪರ್ಧಿಯಾಗಲಿಲ್ಲ. 1443ರಲ್ಲಿ ವಿಜಯನಗರಕ್ಕೆ ಬಂದ ಅಬ್ದುಲ್ ರಜಾಕನು ಅಲ್ಲಿಯ ಸೈನ್ಯಕ್ಕೆ ನಾಲ್ಕು ತಿಂಗಳಿಗೊಮ್ಮೆ ಬೊಕ್ಕಸದಿಂದ ನೇರವಾಗಿ ಸಂಬಳ ಸಲ್ಲುತ್ತಿತ್ತೆಂದು ಬರೆದಿದ್ದಾನೆ. ಜಾಗೀರುಗಳ ಬಗೆಗಿನ ಫಿರಿಷ್ತಾನ ಮಾತಿಗೆ ಇದು ಪೂರ್ತಿ ಹೊಂದುವುದಿಲ್ಲ. ಕಣ್ಣಾರೆ ಕಂಡವನ ಮಾತಿಗೆ ಹೆಚ್ಚಿನ ಬೆಲೆ ಕೊಡುವುದು ಯುಕ್ತ. ಇಷ್ಟೆಲ್ಲ ಆದರೂ ಅದೇ ವರ್ಷದ ರಾಯಚೂರು ದೋಆಬಿನ ಯುದ್ಧದಲ್ಲಿ ದೇವರಾಯನಿಗೆ ನಿರ್ಣಾಯಕ ಜಯ ದೊರೆಯಲಿಲ್ಲವೆಂಬುದನ್ನೂ ಹೇಳಬೇಕು.

ಮರಳಿ ಬೀದರಕ್ಕೆ ಬರೋಣ. 1453ರಲ್ಲಿ ಇರಾನಿನ ಗೀಲಾನ ಪ್ರಾಂತದ ಒಬ್ಬ ವರ್ತಕನು ದಾಭೋಳದಲ್ಲಿ ಇಳಿದು, ಬೀದರದ ಸೂಫಿಗಳ ದರ್ಶನಕ್ಕೆಂದು ಬಂದನು. ಇವನೇ ಮಹಮೂದ್ ಗವಾನ್. ವಯಸ್ಸು ಆಗಲೇ ನಲವತ್ತನ್ನು ಮೀರಿತ್ತು. ಸುಲ್ತಾನ ಎರಡನೆಯ ಅಲಾಉದ್ದೀನ ಅಹಮದನು ಅವನ ಯೋಗ್ಯತೆಯನ್ನು ಗುರುತಿಸಿ ಸೇವೆಯಲ್ಲಿ ಇರಿಸಿಕೊಂಡನು. ಹುಮಾಯೂನನು ಮಲಿಕ್-ಉತ್-ತುಜ್ಜಾರ್ ಬಿರುದನ್ನು ಕೊಟ್ಟನು. ಬಾಲಕ ನಿಜಾಮ ಶಾಹನ ಕಾಲದಲ್ಲಿ ರಾಜಮಾತೆಯೊಡನೆ ರಾಜ್ಯಭಾರದ ಹೊಣೆ ಹೊತ್ತ ಅವನು 1466ರಲ್ಲಿ ಮೂರನೆಯ ಮಹಮ್ಮದ ಶಾಹನ ಪ್ರಧಾನನಾದನು. 1472ರಲ್ಲಿ ಗೋವೆಯನ್ನು ಗೆದ್ದನು. ಅದೇ ವರ್ಷ ಬೀದರದಲ್ಲಿ ಅವನ ಮದರಸ ಪೂರ್ಣವಾಯಿತು. ವಿದ್ವಾಂಸರನ್ನು ಆಹ್ವಾನಿಸಿ ಅವನು ಬರೆದ ಪತ್ರಗಳು ಅವನ ಪತ್ರಸಂಗ್ರಹವಾದ ರಿಯಾಜ್-ಉಲ್-ಇನ್‌ಶಾದಲ್ಲಿ ಉಳಿದಿವೆ. ಹಿರಾತಿನ ಕವಿ ಜಾಮಿಯನ್ನೂ ಅವನು ಕರೆದನು; ಹಾಫಿಜನಂತೆ ಜಾಮಿಯೂ ಬರಲಿಲ್ಲ.

ಆಡಳಿತದಲ್ಲಿ ಅವನು ಮಾಡಿದ ಮಾರ್ಪಾಡುಗಳು ಸೇವಕವರ್ಗಕ್ಕೆ ನೇರವಾಗಿ ಸಂಬಂಧಿಸಿದುವು. ಐನೂರು ಸೈನಿಕರ ದಳಪತಿಗೆ ವರ್ಷಕ್ಕೆ ಒಂದು ಲಕ್ಷ ಹೊನ್ನು ಸಲ್ಲುತ್ತಿದ್ದುದನ್ನು ಒಂದು ಲಕ್ಷ ಇಪ್ಪತ್ತೈದು ಸಾವಿರಕ್ಕೆ ಏರಿಸಿದನು. ಜಾಗೀರಿನ ಹುಟ್ಟುವಳಿ ಕಡಿಮೆಯಾದರೆ ಕೊರತೆಯನ್ನು ಬೊಕ್ಕಸ ತುಂಬಿಕೊಡಬೇಕು. ದಳಪತಿ ಲೆಕ್ಕಕ್ಕಿಂತ ಕಡಿಮೆ ಜನರನ್ನು ಇಟ್ಟುಕೊಂಡರೆ ಅಷ್ಟರಮಟ್ಟಿನ ಹಣವನ್ನು ಅವನಿಂದ ಹಿಂದಕ್ಕೆ ಪಡೆಯಬೇಕು. ನಾಲ್ಕು ತರಫುಗಳಿದ್ದ ರಾಜ್ಯವನ್ನು ಎಂಟಾಗಿ ವಿಭಜಿಸಿದನು. ತರಫದಾರನ ಕೈಯಲ್ಲಿ ಒಂದೇ ಕೋಟೆ ಇರತಕ್ಕದ್ದು, ಉಳಿದ ಕೋಟೆಗಳ ಕಿಲ್ಲೇದಾರರನ್ನು ಸುಲ್ತಾನನೇ ನೇಮಿಸತಕ್ಕದ್ದು ಎಂದಾಯಿತು. ಹುದ್ದೆಗಳ ಹಂಚಿಕೆಯಲ್ಲಿ ಎರಡೂ ಪಕ್ಷಗಳಿಗೆ ಸಮಪಾಲು ಬರುವಂತೆ ಅವನು ನೋಡಿಕೊಂಡನು. ತಾನು ಪರದೇಶಿಯಾಗಿದ್ದೂ ದಖನಿಗಳಿಗೆ ಅನ್ಯಾಯವಾಗಬಾರದೆಂಬ ಅವನ ನಿಲುವು ಪ್ರಶಂಸನೀಯವಾದುದು. ಯೂಸುಫ ಆದಿಲಖಾನನು ಪರದೇಶಿ, ಖುದಾವಂದಖಾನನು ಹಬಸಿ, ಫತಹುಲ್ಲಾ ಇಮಾದ್-ಉಲ್-ಮುಲ್ಕನೂ ನಿಜಾಮ್-ಉಲ್-ಮುಲ್ಕ ಮಲಿಕ ಹಸನನೂ ದಖನಿಗಳು. ಈ ಕೊನೆಯ ಇಬ್ಬರೂ ವಿಜಯನಗರದ ಮೇಲಿನ ದಂಡಯಾತ್ರೆಗಳಲ್ಲಿ ಸೆರೆಸಿಕ್ಕಿ ಮತಾಂತರಗೊಂಡ ಹಿಂದೂ ಬಾಲಕರಾಗಿದ್ದರೆಂದು ಫಿರಿಷ್ತಾನ ಹೇಳಿಕೆ.

ಆದರೆ ಸಮಪಾಲಿನ ಈ ಲೆಕ್ಕದಲ್ಲಿಯೇ ಒಂದು ದೋಷವಿತ್ತು. ಪ್ರತಿಯೊಬ್ಬನನ್ನೂ ಅವನ ಪಕ್ಷದಿಂದ ಎಣಿಸುತ್ತ ಹೋದುದರಿಂದ ಪಕ್ಷಗಳು ಕರಗುವ ಬದಲು ಗಟ್ಟಿಯಾದುವು. ತಕ್ಕಡಿಯನ್ನು ಹಿಡಿದ ಕೈ ಗವಾನನೊಬ್ಬನದೇ. ಜೊತೆಗೆ ಅಧಿಕಾರ ಮೊಟಕಾದ ತರಫದಾರರ ಅಸಮಾಧಾನವೆಲ್ಲ ಅವನೊಬ್ಬನ ಮೇಲೆ ಬಿದ್ದಿತು. ರಾಜ್ಯದ ಸಂಪತ್ತಿನ ಹಂಚಿಕೆಯೂ ಸಮವಾಗಿರಲಿಲ್ಲ. ಆ ವರ್ಷಗಳಲ್ಲಿ ಬೀದರವನ್ನು ಕಂಡ ರಷ್ಯದ ವರ್ತಕ ನಿಕಿಟಿನನು ಸರದಾರರ ಅತಿಶಯ ವೈಭವವನ್ನೂ ಹಳ್ಳಿಗರ ಕಡುಬಡತನವನ್ನೂ ಒಟ್ಟಿಗೇ ಬರೆದಿಟ್ಟಿದ್ದಾನೆ.

ಮುಂದಿನ ಕಥೆ ಪ್ರಸಿದ್ಧ. ಮಲಿಕ ಹಸನನ ಪಕ್ಷದವರು ಗವಾನನ ಮುದ್ರೆಯನ್ನು ಕಾಯುತ್ತಿದ್ದ ಹಬಸಿ ಗುಲಾಮನಿಗೆ ಕುಡಿಸಿ, ಖಾಲಿ ಕಾಗದದ ಮೇಲೆ ಮುದ್ರೆ ಒತ್ತಿಸಿಕೊಂಡು, ಒರಿಸ್ಸದ ಪುರುಷೋತ್ತಮ ಗಜಪತಿಯನ್ನು ಬಹಮನಿ ರಾಜ್ಯದ ಮೇಲೆ ದಂಡೆತ್ತಿ ಬರಲು ಕರೆಯುವಂತೆ ಪತ್ರವನ್ನು ಬರೆದು ಸುಲ್ತಾನನಿಗೆ ತೋರಿಸಿದರು. ಕರೆ ಬಂದಾಗ ಗುಜರಾತಿಗೆ ಹೋಗಿಬಿಡೆಂದು ಮಿತ್ರರು ಹೇಳಿದರೂ ಗವಾನನು ಒಪ್ಪದೆ ಸನ್ನಿಧಿಗೆ ಹೋದನು. ಮುದ್ರೆ ತನ್ನದು, ಪತ್ರ ತನ್ನದಲ್ಲ ಎಂದನು. ಮದ್ಯದ ಅಮಲಿನಲ್ಲಿದ್ದ ಸುಲ್ತಾನನು ವಿಚಾರಣೆಗೆ ಕಾಯಲಿಲ್ಲ. 1481ರ ಏಪ್ರಿಲ್ 5ರಂದು ಆ ವೃದ್ಧನ ಶಿರಶ್ಛೇದವಾಯಿತು. ಅವನ ಸಂಪತ್ತನ್ನು ವಶಪಡಿಸಿಕೊಳ್ಳಲು ಹೋದವರಿಗೆ ಸಿಕ್ಕಿದ್ದು ಬಹು ಸ್ವಲ್ಪ. ಸಂಸ್ಥಾನದ ಆದಾಯವೆಲ್ಲ ಸೈನಿಕರಿಗೆ ಸಲ್ಲುತ್ತಿತ್ತು. ಅವನು ಊಟಮಾಡುತ್ತಿದ್ದುದು ತಾನು ಇರಾನಿನಿಂದ ತಂದ ವ್ಯಾಪಾರದ ಬಂಡವಾಳದ ಲಾಭದಿಂದ, ಮಣ್ಣಿನ ಪಾತ್ರೆಗಳಲ್ಲಿ, ಮಲಗುತ್ತಿದ್ದುದು ಚಾಪೆಯ ಮೇಲೆ ಎಂದು ಅವನ ಖಜಾನಿ ತಿಳಿಸಿದನು.

ಈ ವಧೆಯ ಪರಿಣಾಮ ಪರದೇಶಿಗಳಲ್ಲಿ ಮಾತ್ರ ಕಾಣಲಿಲ್ಲವೆಂಬುದೇ ವಿಶೇಷ. ದಖನಿಯಾದ ಫತಹುಲ್ಲನೂ ಹಬಸಿಯಾದ ಖುದಾವಂದಖಾನನೂ ಸುಲ್ತಾನನ ಪಾಳೆಯದಿಂದ ದೂರದಲ್ಲಿ ತಮ್ಮ ಗುಡಾರಗಳನ್ನು ಹಾಕಿಕೊಂಡರು. ಅಂಥ ಸೇವಕನಿಗೇ ಈ ಗತಿಯಾದಮೇಲೆ ತಮ್ಮ ತಲೆಗೆ ಏನು ಭರವಸೆ ಎಂಬುದು ಅವರ ಕೇಳಿಕೆ. ಯೂಸುಫ ಆದಿಲಖಾನನೂ ಅವರಂತೆಯೇ ದೂರವಾದನು. ಸುಲ್ತಾನನು ಒಂದು ವರ್ಷದೊಳಗೆ ತೀರಿಕೊಂಡನು. ಮಲಿಕ ಹಸನನೂ 1486ರಲ್ಲಿ ಕೊಲೆಯಾದನು. 1490ರ ಸುಮಾರಿಗೆ ಬಿಜಾಪುರದಲ್ಲಿ ಯೂಸುಫನೂ, ಅಹಮದನಗರದಲ್ಲಿ ಮಲಿಕ ಹಸನನ ಮಗನೂ, ಬೀರಾರಿನಲ್ಲಿ ಫತಹುಲ್ಲನೂ ಸ್ವತಂತ್ರರಾದರು. ಗವಾನನು ಪಾಲು ಹಂಚಿದ್ದ ಸೇವಕರೇ ಪಾಲುಗಳಿಗೆ ಒಡೆಯರಾದರು.

ಹಳೆಯ ಜಗಳವೂ ಪಾಲಾಗಿ ಹೊಸ ರಾಜ್ಯಗಳಿಗೆ ಹೋಯಿತು. ಬಿಜಾಪುರದಲ್ಲಿ ಒಂದನೆಯ ಇಬ್ರಾಹಿಂ ಆದಿಲಶಾಹನು 1534ರಲ್ಲಿ ಪಟ್ಟಕ್ಕೆ ಬಂದ ಮೇಲೆ ನಾಲ್ಕು ನೂರು ಜನರನ್ನು ಮಾತ್ರ ಉಳಿಸಿಕೊಂಡು ಮಿಕ್ಕ ಪರದೇಶಿಗಳನ್ನು ಸೇವೆಯಿಂದ ಬಿಡಿಸಿದನು. ಪಾರಸಿಯಲ್ಲಿದ್ದ ಲೆಕ್ಕಪತ್ರಗಳನ್ನು ದೇಶಭಾಷೆಗೆ ತಿರುಗಿಸಿ ಬ್ರಾಹ್ಮಣ ಲೆಕ್ಕಿಗರ ವಶಕ್ಕೆ ಕೊಟ್ಟನು. ಅವನ ಮಗನು ಈ ಕ್ರಮವನ್ನು ಮತ್ತೆ ತಲೆಕೆಳಗು ಮಾಡಿದನು. ಇಬ್ರಾಹಿಮನು ಬಿಡಿಸಿದವರಲ್ಲಿ ಸುಮಾರು ಮೂರು ಸಾವಿರ ಮಂದಿ ತುಂಗಭದ್ರೆಯನ್ನು ದಾಟಿ ವಿಜಯನಗರದ ರಾಮರಾಯನ ಸೇವೆಗೆ ಸೇರಿದರು. ಅವರು ವಂದಿಸಲು ಬಂದಾಗ ರಾಮರಾಯನೂ ತನ್ನ ಮುಂದೆ ಕುರಾನನ್ನು ಇರಿಸಿಕೊಳ್ಳುತ್ತಿದ್ದನೆಂದು ಫಿರಿಷ್ತಾ ಬರೆದಿದ್ದಾನೆ.