ವರ್ಚುವಲ್ ಮಷೀನ್‌ಗಳಲ್ಲಿ ಮೌಸ್ ಡ್ರೈವರ್ ಹೊಂದಾಣಿಕೆ

ವರ್ಚುವಲ್ ಮಷೀನ್ ಎಂದರೆ ಒಂದು ಕಂಪ್ಯೂಟರಿನೊಳಗೆ ತಂತ್ರಾಂಶ ಕಟ್ಟಿಕೊಡುವ ಇನ್ನೊಂದು ಕಂಪ್ಯೂಟರ್. ಒಳಗಿನ ಆಪರೇಟಿಂಗ್ ಸಿಸ್ಟಮ್‌ಗೆ, ಅಂದರೆ ಗೆಸ್ಟ್‌ಗೆ, ಮೇಜಿನ ಮೇಲಿನ ಅಸಲಿ ಮೌಸ್ ಸಾಮಾನ್ಯವಾಗಿ ಕಾಣುವುದಿಲ್ಲ. ವರ್ಚುವಲ್ ಮಷೀನನ್ನು ನಡೆಸುವ ತಂತ್ರಾಂಶವಾದ ಹೈಪರ್‌ವೈಸರ್ ತೋರಿಸುವ ನಕಲಿ ಸಾಧನವನ್ನೇ ಅದು ಮೌಸ್ ಎಂದು ನಂಬುತ್ತದೆ. ಆ ಸಾಧನಕ್ಕೂ ಗೆಸ್ಟ್‌ನ ಡ್ರೈವರ್‌ಗೂ ತಾಳೆಯಾಗದಿದ್ದಾಗ ಪಾಯಿಂಟರ್ ಹಾದಿ ತಪ್ಪುತ್ತದೆ, ಕಿಟಕಿಯೊಳಗೆ ಸಿಕ್ಕಿಬೀಳುತ್ತದೆ, ಇಲ್ಲವೇ ಅಲುಗಾಡುವುದೇ ಇಲ್ಲ.

ತೊಡಕಿನ ಬೇರು ಹಳೆಯದು. ಐಬಿಎಂ 1987ರಲ್ಲಿ ತಂದ ಪಿಎಸ್/2 ಮೌಸ್ 'ಎಷ್ಟು ಸರಿದೆ' ಎಂದು ಮಾತ್ರ ಹೇಳುತ್ತದೆ, 'ಎಲ್ಲಿದ್ದೇನೆ' ಎಂದು ಹೇಳುವುದಿಲ್ಲ. ಹೊರಗಿನ ಹೋಸ್ಟ್‌ನಲ್ಲಿ ಒಂದು ಪಾಯಿಂಟರ್, ಗೆಸ್ಟ್‌ನಲ್ಲಿ ಇನ್ನೊಂದು. ಗೆಸ್ಟ್ ತನ್ನದೇ ವೇಗವರ್ಧನೆಯನ್ನೂ ಸೇರಿಸಿದರೆ ಎರಡೂ ಬೇರೆಬೇರೆ ಕಡೆ ಹೋಗುತ್ತವೆ. ವಿಎನ್‌ಸಿ ಮೂಲಕ ದೂರದಿಂದ ನೋಡುವವರಿಗೆ ಇದರ ಕಾಟ ಹೆಚ್ಚು, ಏಕೆಂದರೆ ವಿಎನ್‌ಸಿ ಕಳಿಸುವುದು ಪಾಯಿಂಟರ್ ಇರುವ ಜಾಗವನ್ನು, ಸರಿದ ದೂರವನ್ನಲ್ಲ. ಎರಡು ಪಾಯಿಂಟರ್‌ಗಳು ಹೀಗೆ ಬೇರಾಗುವುದನ್ನು ತಪ್ಪಿಸಲೆಂದೇ ಹೈಪರ್‌ವೈಸರ್ ಪಾಯಿಂಟರನ್ನು ಹಿಡಿದಿಟ್ಟುಕೊಳ್ಳುವ ರೂಢಿ ಬಂತು. ಬಿಡಿಸಿಕೊಳ್ಳಲು ವರ್ಚುವಲ್‌ಬಾಕ್ಸ್‌ನಲ್ಲಿ ಬಲಗಡೆಯ ಕಂಟ್ರೋಲ್ ಕೀಲಿ, ವಿಎಂವೇರ್ ವರ್ಕ್‌ಸ್ಟೇಷನ್‌ನಲ್ಲಿ ಕಂಟ್ರೋಲ್ ಮತ್ತು ಆಲ್ಟ್.

ನಿಜವಾದ ಪರಿಹಾರ ಜಾಗವನ್ನೇ ತಿಳಿಸುವ ಸಾಧನ. ಕ್ಯೂಎಮು ತಂತ್ರಾಂಶ ಒದಗಿಸುವ ಯುಎಸ್‌ಬಿ ಟ್ಯಾಬ್ಲೆಟ್ ಪರದೆಯ ಮೇಲಿನ ಅಡ್ಡ, ಉದ್ದ ಸ್ಥಾನಗಳನ್ನು 0ರಿಂದ 32767ರವರೆಗಿನ ಅಂಕಿಗಳಲ್ಲಿ ಹೇಳುತ್ತದೆ. ಇಂದಿನ ಬಹುತೇಕ ಗೆಸ್ಟ್‌ಗಳು ಬೇರೆ ಡ್ರೈವರ್ ಬೇಡದೆ ಇದನ್ನು ಗುರುತಿಸುತ್ತವೆ. ಯುಎಸ್‌ಬಿಯನ್ನು ಮತ್ತೆಮತ್ತೆ ವಿಚಾರಿಸುತ್ತಿರಬೇಕಾದ್ದರಿಂದ ಸುಮ್ಮನಿರುವ ಮಷೀನ್ ಕೂಡ ಸ್ವಲ್ಪ ಸಿಪಿಯು ತಿನ್ನುತ್ತದೆ. ಪರದೆಯೇ ಬೇಡದ ಸರ್ವರ್‌ಗಳಲ್ಲಿ ಇದನ್ನು ತೆಗೆದುಹಾಕುವುದು ಒಳ್ಳೆಯದು. ಯುಎಸ್‌ಬಿ ಬೆಂಬಲವೇ ಇಲ್ಲದ ವಿಂಡೋಸ್ ಎನ್‌ಟಿ 4.0 ಥರದ ಗೆಸ್ಟ್‌ಗೆ ಮಾತ್ರ ಈ ದಾರಿ ಮುಚ್ಚಿದೆ. ವರ್ಚುವಲ್ ಮಷೀನ್‌ಗಳಿಗೆಂದೇ ರೂಪಿಸಿದ ವರ್ಟಿಯೋ ಟ್ಯಾಬ್ಲೆಟ್ ಆರಿಸಿದರೆ ವಿಂಡೋಸ್ ಗೆಸ್ಟ್‌ಗೆ ವರ್ಟಿಯೋ ಡ್ರೈವರ್ ಪ್ರತ್ಯೇಕವಾಗಿ ಹಾಕಬೇಕು. ಅಲ್ಲಿಯವರೆಗೆ ಡಿವೈಸ್ ಮ್ಯಾನೇಜರ್‌ನಲ್ಲಿ ಅದು ಡ್ರೈವರ್ ಇಲ್ಲದ ಸಾಧನವಾಗಿಯೇ ಕೂತಿರುತ್ತದೆ.

ವಿಎಂವೇರ್ ಹಿಡಿದದ್ದು ಬೇರೆ ದಾರಿ: ಗುಟ್ಟಿನ ಐ/ಒ ಪೋರ್ಟ್ ಒಂದರ ಮೂಲಕ ಗೆಸ್ಟ್‌ಗೆ ನೇರವಾಗಿ ಜಾಗ ತಿಳಿಸುವ ವಿಎಂಮೌಸ್. ಲಿನಕ್ಸ್‌ನಲ್ಲಿ ಇದರ ಡ್ರೈವರ್ ಮೊದಲು ಪರದೆಯನ್ನು ನೋಡಿಕೊಳ್ಳುವ ಎಕ್ಸ್ ಸರ್ವರ್‌ನ ಭಾಗವಾಗಿತ್ತು. ಪೋರ್ಟ್ ಮುಟ್ಟಲು ರೂಟ್ ಅಧಿಕಾರ ಬೇಕು. ರೂಟ್ ಇಲ್ಲದೆ ಓಡುವ ಎಕ್ಸ್‌ಗೂ ಅದರ ಜಾಗಕ್ಕೆ ಬಂದ ವೇಲ್ಯಾಂಡ್‌ಗೂ ಅದು ಒಗ್ಗಲಿಲ್ಲ. 2015ರಲ್ಲಿ ಡ್ರೈವರ್ ಕರ್ನಲ್‌ನೊಳಕ್ಕೇ ಸೇರಿತು. ವರ್ಚುವಲ್‌ಬಾಕ್ಸ್‌ನಲ್ಲಿ ಗೆಸ್ಟ್‌ನೊಳಗೆ ಹಾಕುವ ಗೆಸ್ಟ್ ಅಡಿಷನ್ಸ್ ಬಳಸುವವರಿಗೆ ಕರ್ನಲ್ ಹೊಸದಾದಾಗಲೆಲ್ಲ ಮಾಡ್ಯೂಲ್‌ಗಳನ್ನು ಮತ್ತೆ ಕಟ್ಟುವ ಕೆಲಸವಿತ್ತು. ಅವುಗಳಲ್ಲೊಂದಾದ ವಿಬಾಕ್ಸ್‌ಗೆಸ್ಟ್ ಮಾಡ್ಯೂಲ್ 2018ರ 4.16 ಕರ್ನಲ್‌ಗೆ ಸೇರಿದ ಮೇಲೆ ಆ ಗೋಳು ತಗ್ಗಿತು.

ದುರಸ್ತಿಗೆ ಕೂರುವವರು ಡ್ರೈವರ್ ಹುಡುಕಲು ಹೊರಡುವ ಮೊದಲು ಗೆಸ್ಟ್‌ಗೆ ಯಾವ ಸಾಧನ ಕಾಣುತ್ತಿದೆ ಎಂದು ನೋಡಬೇಕು. ಲಿನಕ್ಸ್‌ನಲ್ಲಿ ಕರ್ನಲ್‌ನ ಇನ್‌ಪುಟ್ ಸಾಧನಗಳ ಪಟ್ಟಿ, ವಿಂಡೋಸ್‌ನಲ್ಲಿ ಡಿವೈಸ್ ಮ್ಯಾನೇಜರ್ ಇದನ್ನು ಹೇಳುತ್ತವೆ. ಪಟ್ಟಿಯಲ್ಲಿ ಪಿಎಸ್/2 ಮೌಸ್ ಒಂದೇ ಇದ್ದು ಪಾಯಿಂಟರ್ ದಾರಿ ತಪ್ಪುತ್ತಿದ್ದರೆ ಟ್ಯಾಬ್ಲೆಟ್ ಸೇರಿಸಿದರೆ ಸಾಕು.

ಆಟಗಳಲ್ಲಿ ಮಾತ್ರ ಲೆಕ್ಕ ತಲೆಕೆಳಗು. ಕಣ್ಣೋಟವನ್ನು ಮೌಸ್‌ನಿಂದ ತಿರುಗಿಸುವ ಆಟಕ್ಕೆ ಸರಿದ ದೂರವೇ ಬೇಕು. ಜಾಗ ಕೊಟ್ಟರೆ ದೃಶ್ಯ ಗಿರಗಿರನೆ ಸುತ್ತುತ್ತದೆ. ಅಂಥಲ್ಲಿ ವರ್ಚುವಲ್‌ಬಾಕ್ಸ್‌ನ ಇನ್‌ಪುಟ್ ಮೆನುವಿನಲ್ಲಿ ಮೌಸ್ ಇಂಟಿಗ್ರೇಷನ್ ನಿಷ್ಕ್ರಿಯಗೊಳಿಸಿ, ಹಳೆಯ ಪಿಎಸ್/2 ಪದ್ಧತಿಗೇ ಮರಳಬೇಕಾಗುತ್ತದೆ.