ಬೀಸುವ ಕಲ್ಲು ಜಪ್ತಿ!

ಲಂಡನ್ನಿನ ಉತ್ತರಕ್ಕೆ ಸೇಂಟ್ ಆಲ್ಬನ್ಸ್ ಅಂತ ಊರು. ಅಲ್ಲಿ ವೆರ್ ನದಿಯ ದಡದಲ್ಲಿ ಕಿಂಗ್ಸ್‌ಬರಿ ಅನ್ನೋ ಹಳೇ ನೀರಿನ ಗಿರಣಿ ಇದೆ. ಆನ್‌ಸೈಟ್ ಇದ್ದಾಗ ಒಂದು ಭಾನುವಾರ ಹೋಗಿದ್ದೆ. ಗಿರಣಿ ಹೋಟೆಲ್ಲಾಗಿತ್ತು. ವಾಫಲ್ ತಿಂದು, ಚಕ್ರದ ಫೋಟೋ ತೆಗೆದು, ಪಕ್ಕದ ವೆರುಲೇಮಿಯಂ ಪಾರ್ಕಿನ ಕೆರೆ ಸುತ್ತಿ ಬಂದೆ. ಆಮೇಲೆ ಆ ಊರಿನ ಗಿರಣಿಗಳ ಕಥೆ ಓದಿದೆ ನೋಡಿ...

1086ರ ಡೂಮ್ಸ್‌ಡೇ ದಾಖಲೆಯಲ್ಲೇ ಇಂಗ್ಲೆಂಡಿನ ಸುಮಾರು 6000 ಗಿರಣಿಗಳ ಲೆಕ್ಕವಿದೆ. ಸೇಂಟ್ ಆಲ್ಬನ್ಸ್‌ನಲ್ಲಿ ಗಿರಣಿಗಳು ಅಲ್ಲಿನ ಕ್ರೈಸ್ತ ಮಠದ್ದು. ಊರಿನವರು ಅಲ್ಲೇ ಬೀಸಿಸಬೇಕು, ಹಿಟ್ಟಿನಲ್ಲಿ ಮಠಕ್ಕೆ ಪಾಲು ಕೊಡಬೇಕು. ಮನೆಯಲ್ಲಿ ಬೀಸುವ ಕಲ್ಲು ಇಟ್ಟುಕೊಂಡರೆ ತಪ್ಪು! ನಮ್ಮಜ್ಜಿ ಕೇಳಿದ್ದರೆ ನಂಬುತ್ತಲೇ ಇರಲಿಲ್ಲ.

1331ರಲ್ಲಿ ಮಠಾಧಿಪತಿ ರಿಚರ್ಡ್ ಆಫ್ ವಾಲಿಂಗ್‌ಫರ್ಡ್ ಮನೆಮನೆಯ ಕಲ್ಲುಗಳನ್ನು ಕಿತ್ತು ತರಿಸಿ ಮಠದ ನೆಲಕ್ಕೆ ಹಾಸಿಸಿದ. ಈತ ಕಮ್ಮಾರನ ಮಗ, ಗಣಿತಜ್ಞ, ಅದ್ಭುತವಾದ ಖಗೋಳ ಗಡಿಯಾರವೊಂದನ್ನು ರೂಪಿಸಿದವನು. ಹಲ್ಲುಚಕ್ರಗಳನ್ನು ಅಷ್ಟು ಬಲ್ಲವನು! ನಮ್ಮ ಕಸುಬಿನವನೇ ಅಂತ ಗೌರವ, ಮಾಡಿದ ಕೆಲಸಕ್ಕೆ ಸಿಟ್ಟು, ಎರಡೂ ಒಟ್ಟಿಗೇ ಬಂತು.

ಊರಿನವರು 50 ವರ್ಷ ಮರೆಯಲಿಲ್ಲ. 1381ರ ರೈತ ದಂಗೆಯಲ್ಲಿ ಮಠಕ್ಕೆ ನುಗ್ಗಿ, ನೆಲ ಅಗೆದು, ಕಲ್ಲುಗಳನ್ನು ಒಡೆದು, ಚೂರುಗಳನ್ನು ಪ್ರಸಾದದಂತೆ ಹಂಚಿಕೊಂಡರು. ಚೂರಿನಿಂದ ರಾಗಿಯೂ ಬೀಸಲಾಗದು, ಗೋಧಿಯೂ ಆಗದು. ಆದರೂ ಮನೆಗೆ ಒಯ್ದರು. ಮುಂದಾಳು ವಿಲಿಯಂ ಗ್ರಿಂಡ್‌ಕಾಬ್‌ನನ್ನು ಅದೇ ವರ್ಷ ಗಲ್ಲಿಗೇರಿಸಿದರು.

ನಾನು ವಾಫಲ್ ತಿಂದ ಕಟ್ಟಡ 16ನೇ ಶತಮಾನದ್ದು, ಈ ದಂಗೆಯನ್ನು ಕಂಡದ್ದಲ್ಲ. ಮಠ ಮಾತ್ರ 1539ರವರೆಗೂ ನಡೆಯಿತು.